ಒಂದೇ ಬಚ್ಚಲಿನ ಎರಡು ಮನೆ

ಮನೆ ಎರಡಾದಾಗ ಬಚ್ಚಲೊಂದನ್ನು ಬಿಟ್ಟು ಉಳಿದದ್ದೆಲ್ಲ ಎರಡಾಯಿತು. ಒಲೆ ಎರಡಾಯಿತು, ಹಿಟ್ಟಿನ ಡಬ್ಬಿ ಎರಡಾಯಿತು, ದೇವರ ಜಗುಲಿ ಎರಡಾಯಿತು, ಪಡಸಾಲೆಯ ನಡುವೆ ಎದೆಮಟ್ಟದ ಇಟ್ಟಂಗಿ ಗೋಡೆಯೊಂದು ಎದ್ದಿತು. ಬೀದರಿನ ಹಳೆಯ ಓಣಿಗಳ ಮನೆಗಳು ಮುಂದೆ ಇಕ್ಕಟ್ಟು, ಹಿಂದಕ್ಕೆ ಉದ್ದ. ಮುಂಭಾಗ ಕಾಕಾನ ಪಾಲಿಗೆ ಹೋಯಿತು, ಹಿಂಭಾಗ ನಮಗೆ ಬಂತು. ಹಿತ್ತಲ ಮೂಲೆಯ ಬಚ್ಚಲು ನಮ್ಮ ಕಡೆ, ಕರೆಂಟಿನ ಮೀಟರು ಮತ್ತು ಫ್ಯೂಜಿನ ಹಲಗೆ ಕಾಕಾನ ಕಡೆ. ಹೀಗಾಗಿ ಜಳಕಕ್ಕೆ ಅವರು ನಮ್ಮ ಅಂಗಳ ದಾಟಿ ಬರಬೇಕು, ದೀಪಕ್ಕೆ ನಾವು ಅವರ ಗೋಡೆಯನ್ನು ನೆಚ್ಚಬೇಕು. ಪಾಲು ಮಾಡಿಕೊಟ್ಟ ಹಿರಿಯರು ಇದನ್ನು ಯೋಚಿಸಿ ಮಾಡಿದರೋ, ಚಹಾ ಕುಡಿಯುವ ಅವಸರದಲ್ಲಿ ಮರೆತರೋ ನನಗೆ ಇವತ್ತಿಗೂ ತಿಳಿಯದು.

ಅಪ್ಪ ಮಾಣಿಕಪ್ಪ ಹಿರಿಯ, ಜನವಾಡದ ಸಾಲೆಯಲ್ಲಿ ವಿಜ್ಞಾನದ ಮಾಸ್ತರ. ಕಾಕಾ ಶಿವರಾಜ ಅಪ್ಪನ ಬೆನ್ನಿಗೆ ಬಿದ್ದ ತಮ್ಮ, ಔರಾದ ಕಡೆಯ ಬಸ್ಸುಗಳ ಕಂಡಕ್ಟರ್. ಅವನ ಹೆಂಡತಿ ಚಿಗವ್ವ ಹಲಬರ್ಗಾದವಳು, ನಕ್ಕರೆ ಎರಡೂ ಮನೆಗೆ ಕೇಳುವಂಥ ನಗೆ ಅವಳದು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಮುಂಜಾನೆಯ ರೊಟ್ಟಿ ದೊಡ್ಡವನಲ್ಲಿ, ರಾತ್ರಿಯ ಅನ್ನ ಸಣ್ಣವನಲ್ಲಿ ಎಂದು ಆಕೆ ತಾನೇ ನೇಮ ಮಾಡಿಕೊಂಡಿದ್ದಳು. ಒಬ್ಬರ ಪಲ್ಯ ಹೊಗಳಿದರೆ ಇನ್ನೊಬ್ಬರಿಗೆ ಕೇಳುತ್ತದೆಂದು ಎರಡೂ ಕಡೆ ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದಳು. ಅಣ್ಣ ತಮ್ಮ ಮಾತು ಬಿಟ್ಟದ್ದು ಹೊಲಕ್ಕಲ್ಲ, ಮನೆಗಲ್ಲ. ಮುತ್ಯಾ, ಅಂದರೆ ಅವರ ತಂದೆ, ತೀರಿಕೊಂಡ ದಿನ ಕಾಕಾ ಠಾಣಾ ಕುಶನೂರಿನ ಬಸ್ಸಿನಲ್ಲಿದ್ದ. ಸುದ್ದಿ ಒಂದು ಬಸ್ಸಿನ ಡ್ರೈವರನಿಂದ ಇನ್ನೊಂದು ಬಸ್ಸಿನ ಡ್ರೈವರನಿಗೆ ದಾಟಿ ಅವನಿಗೆ ಮುಟ್ಟಿದಾಗ ಹೊತ್ತು ಇಳಿದಿತ್ತು. ದೀಪ ಹಚ್ಚುವ ಹೊತ್ತಿಗೆ ಅವನು ಓಡುತ್ತ ಬಂದ. ಅಷ್ಟರಲ್ಲಿ ಮಣ್ಣು ಮುಚ್ಚಿ ಎಲ್ಲರೂ ಕೈಕಾಲು ತೊಳೆದುಕೊಂಡು ಬಂದಿದ್ದರು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂದು ಹಿರಿಯರು ಅವಸರ ಮಾಡಿದ್ದರು, ಅಪ್ಪ ಹೂಂ ಅಂದಿದ್ದ. ಕಾಕಾ ಆ ದಿನ ಒಂದು ಮಾತೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಅಪ್ಪನೂ ತಾನಾಗಿ ಬಾಯಿ ತೆರೆಯಲಿಲ್ಲ.

ಆಡಲಿಲ್ಲ ಅಂದರೆ ನೇರವಾಗಿ ಆಡಲಿಲ್ಲ. ಒಂದೇ ಸೂರಿನ ಕೆಳಗೆ ಇರುವವರಿಗೆ ದಿನಕ್ಕೆ ನೂರು ಕೆಲಸ ಇರುತ್ತವೆ, ಅದಕ್ಕೆ ನಾನಿದ್ದೆ. ಎರಡೂ ಮನೆಗೆ ಸೇರಿ ಇದ್ದ ಒಂದೇ ಕೂಸು ನಾನು, ಆಗ ನಾಲ್ಕನೆಯ ಇಯತ್ತೆ. ಗೋಡೆಯ ಈಚೆ ಅಪ್ಪ, ಆಚೆ ಕಾಕಾ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರ. ಆದರೂ ನಾನು ನಡುವೆ ಬಂದು ನಿಂತು ಹೇಳಿದಾಗಲೇ ಅದು ಮಾತು.

"ಹೇಳು ನಿಮ್ಮ ಕಾಕಾಗ, ಸೈಕಲ್ ದಾರ್ಯಾಗ ಅದ ಅಂತ."

"ಕಾಕಾ, ಸೈಕಲ್ ದಾರ್ಯಾಗ ಅದಂತ."

"ಹೇಳು ನಿಮ್ಮಪ್ಪಗ, ಕಣ್ಣಿದ್ದವರು ಬಾಜೂಕ ಹಾದು ಹೋಗ್ತಾರಂತ."

"ಅಪ್ಪಾ, ಕಣ್ಣಿದ್ದವರು..."

"ಕೇಳ್ಸ್ತು, ಕೇಳ್ಸ್ತು."

ಕೇಳಿಸಿತು ಅನ್ನುವವನು ನನ್ನನ್ನು ಯಾಕೆ ನಿಲ್ಲಿಸಿಕೊಂಡನೋ. ಒಮ್ಮೆ ನಾನು ಆಟದ ನಡುವೆ ಇದ್ದೆ, ಬರಲಿಲ್ಲ. ಕಾಕಾನ ಅಂಗಿ ಹಗ್ಗದಿಂದ ಹಾರಿ ನಮ್ಮ ಅಂಗಳದಲ್ಲಿ ಬಿದ್ದಿತ್ತು. ಅಪ್ಪ ಅದನ್ನು ನೋಡುತ್ತ ಕೂತ, ಕಾಕಾ ಗೋಡೆಯ ಮೇಲಿಂದ ಅದನ್ನೇ ನೋಡುತ್ತ ನಿಂತ, ನಾನು ಬರುವ ತನಕ ಅಂಗಿ ಮಣ್ಣಿನಲ್ಲೇ ಬಿದ್ದಿತ್ತು. ಇಬ್ಬರು ಓದಿದ ಗಂಡಸರು! ನನಗೆ ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಮುಂದೆ ಭಾಲ್ಕಿಯಲ್ಲಿ ನೌಕರಿ ಮಾಡುವಾಗ ಯಾರಾದರೂ "ಮೇಡಮ್ಮೋರೆ, ಸಾಹೇಬ್ರಿಗೆ ನೀವೇ ಜರಾ ಹೇಳ್ರಿ" ಅಂದರೆ ನಾನು "ಬಾಗಿಲು ತೆರೆದದ ನೋಡ್ರಿ, ನೀವೇ ಹೋಗಿ ಹೇಳ್ರಿ" ಅನ್ನುತ್ತಿದ್ದೆ. ಬಿರುಸು ಬಾಯಿಯವಳೆಂದು ಹೆಸರಾಯಿತು. ಆಗಲಿ. ಅದನ್ನು ನಾನು ಕಲಿತದ್ದು ಆ ಬಚ್ಚಲಿನ ಬಾಗಿಲಲ್ಲಿ.

ಬಚ್ಚಲಿನ ಗೋಡೆಗೆ ಒಂದು ಗೀಜರ್ ಇತ್ತು. ಮನೆ ಒಂದಿದ್ದಾಗ ಮುತ್ಯಾ ಹಟ ಹಿಡಿದು ಹಾಕಿಸಿದ್ದು. ಹಳೆಯ ತಾಮ್ರದ ಹಂಡೆಯನ್ನು ಮೋಡಕಾ ಬಜಾರಿನ ಗುಜರಿಗೆ ಕೊಟ್ಟು ಓಣಿಯಲ್ಲೆಲ್ಲ ಮೊದಲು ಬಿಳಿ ಡ್ರಮ್ಮು ತೂಗುಹಾಕಿದವರು ನಾವು ಎಂದು ಬೀಗಿದವನು ಅವನೇ. ಬೋರಿನ ನೀರು ನಮ್ಮದು, ಸುಣ್ಣದ ನೀರು. ಕಾದ ನೀರು ಹರಿದಲ್ಲೆಲ್ಲ ಬಿಳಿ ಕರೆ ಕೂರುತ್ತಿತ್ತು. ಹೊರಗೆ ಕಾಣುವ ಕರೆ ಇಷ್ಟಾದರೆ ಒಳಗೆ ನೀರು ಕಾಯಿಸುವ ಕಾಯಿಲಿನ ಮೇಲೆ ಎಷ್ಟು ಕೂತಿರಬೇಕು! ಗೀಜರಿನ ಸ್ವಿಚ್ಚು ಎಂದೋ ಸುಟ್ಟು ಅಂಟಿಕೊಂಡಿತ್ತು, ಮೇಲೆ ಒತ್ತಿದರೂ ಕೆಳಗೆ ಒತ್ತಿದರೂ ಕರೆಂಟು ಹರಿಯುತ್ತಲೇ ಇರುತ್ತಿತ್ತು. ಅದನ್ನು ಬದಲಿಸುವುದು ಯಾರ ಪಾಲಿನ ಕೆಲಸವೆಂದು ತೀರ್ಮಾನವಾಗದೆ ಹಾಗೇ ಉಳಿದಿತ್ತು. ಗೀಜರಿಗೆ ಕರೆಂಟು ನಿಲ್ಲಿಸಬೇಕಾದರೆ ಇದ್ದದ್ದು ಒಂದೇ ದಾರಿ: ಕಾಕಾನ ಪಡಸಾಲೆಗೆ ಹೋಗಿ ಹಲಗೆಯ ಮೇಲಿನ, ಎರಡೂ ಮನೆಯ ಕರೆಂಟು ಹಾಯುವ ಎರಡು ಫ್ಯೂಜು ಕೀಳುವುದು.

ಆ ವರ್ಷ ಚಳಿ ಹಲ್ಲು ಕಡಿಸುವಷ್ಟಿತ್ತು. ಒಂದು ಮುಂಜಾನೆ ನಳ ತಿರುವಿದರೆ ಬಂದದ್ದು ತಣ್ಣೀರು. ಕಾಯಿಲ್ ಸುಟ್ಟಿದೆ ಎಂದು ಅಪ್ಪ ಹೇಳಿದ. ಅವ್ವ ಒಲೆಯ ಮೇಲೆ ಬೋಗುಣಿ ಇಟ್ಟು ಆಯಿಗೆ ನೀರು ಕಾಯಿಸಲು ಹೋದಳು, ಆಯಿ ಒಲ್ಲೆ ಅಂದಳು. ಮಂಡಿನೋವಿನ ಮುದುಕಿ ಬಚ್ಚಲಿಗೆ ಹೋಗಿ, ಬಾಗಿಲು ತೆರೆದಿಟ್ಟುಕೊಂಡೇ, ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಒಂದೊಂದು ತಂಬಿಗೆಗೂ ಎರಡೂ ಮನೆಗೆ ಕೇಳುವ ಹಾಗೆ ಕೂಗು.

"ಶಿವಾ ಶಿವಾ! ಇಬ್ಬರು ಮಕ್ಕಳನ್ನ ಹಡದೀನಪ್ಪೋ! ಬಿಸಿನೀರಿಗೆ ಗತಿ ಇಲ್ಲಪ್ಪೋ!"

ಸಂಜೆ ಅಪ್ಪ ಜನವಾಡದಿಂದ ಬರುವಾಗ ಬಜಾರಿಗೆ ಹೋಗಿ ಹೊಸ ಕಾಯಿಲ್ ತಂದ. ಬಚ್ಚಲಿನ ಗೂಡಿನಲ್ಲಿ ಇಡಲು ಹೋದರೆ ಅಲ್ಲಿ ಆಗಲೇ ಇನ್ನೊಂದು ಹೊಸ ಕಾಯಿಲಿನ ಡಬ್ಬಿ ಇತ್ತು. ಕಾಕಾ ಮಧ್ಯಾಹ್ನವೇ ತಂದಿಟ್ಟು ಡ್ಯೂಟಿಗೆ ಹೋಗಿದ್ದ. ಸತ್ತ ಗೀಜರಿಗೆ ಎರಡು ಜೀವ ಬಂದು ಕೂತಿದ್ದವು, ಹಾಕುವವರಿಲ್ಲ. ಅಪ್ಪ ಕಾಕಾನ ಡಬ್ಬಿಯನ್ನು ಬೆರಳಿನಿಂದ ಒಂದು ಬದಿಗೆ ಸರಿಸಿ ತನ್ನದನ್ನು ಇಟ್ಟ. ಮರುದಿನ ಕಾಕಾ ಅಪ್ಪನದನ್ನು ಸರಿಸಿ ತನ್ನದನ್ನು ಮುಂದೆ ಇಟ್ಟ. ಆಯಿ ತಣ್ಣೀರು ಬಿಡಲಿಲ್ಲ, ಅವಳಿಗೆ ಕೆಮ್ಮು ಹತ್ತಿತು. ರಾತ್ರಿ ಗೋಡೆಯಾಚೆ ಆಕೆ ಕೆಮ್ಮುವುದು, ಈಚೆ ಅಪ್ಪ ಹೊರಳಾಡುವುದು, ಎರಡೂ ನನಗೆ ಕೇಳುತ್ತಿದ್ದವು.

ಭಾನುವಾರ ಮುಂಜಾನೆ ಅಪ್ಪ ಪಾನಾ, ಪಕ್ಕಡ, ಸುತ್ತಿಗೆ ಎಲ್ಲ ತೆಗೆದು ಒರಸಿಟ್ಟ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಸಂಗೀನ್ನ ಕಳಸ್ಲೇನ್ರಿ, ಫ್ಯೂಜ್ ತಗೀ ಅಂತ ಹೇಳ್ಲಿಕ್ಕೆ?"

"ಬ್ಯಾಡ."

"ಬ್ಯಾಡ ಅಂದ್ರ?"

"ಮಧ್ಯಾಹ್ನ ಹ್ಯಾಂಗೂ ಲೈಟ್ ಹೋಗ್ತದ. ಆವಾಗ ಮಾಡ್ತೇನಿ. ಅವನ ಮುಂದ ಹೋಗಿ ಫ್ಯೂಜ್ ತಗಿಯಪ್ಪಾ ಅಂತ ಹಲ್ಲು ಗಿಂಜಬೇಕೇನು?"

ಆಗ ಬೀದರಿನಲ್ಲಿ ದಿನಾ ಮಧ್ಯಾಹ್ನ ಕರೆಂಟು ತೆಗೆಯುತ್ತಿದ್ದರು. ಊಟದ ಹೊತ್ತಿಗೆ ಹೋದದ್ದು ಹೊತ್ತು ಬಾಗುವ ಸುಮಾರಿಗೆ ಬರುತ್ತಿತ್ತು. ಕೆಲವೊಮ್ಮೆ ತಡವಾಗಿ, ಕೆಲವೊಮ್ಮೆ ನಡುವೆಯೇ ಬಂದು ಮತ್ತೆ ಹೋಗುತ್ತಿತ್ತು. ಅದನ್ನು ನಂಬಿ ಅಪ್ಪ ಬರಿಗೈಯನ್ನು ತಂತಿಗೆ ಹಾಕುವವನಿದ್ದ. ಸಾಲೆಯಲ್ಲಿ ಮಕ್ಕಳಿಗೆ ಒದ್ದೆಗೈಯಿಂದ ಸ್ವಿಚ್ಚು ಮುಟ್ಟಬೇಡಿ ಎಂದು ಪಾಠ ಮಾಡುವ ಮನುಷ್ಯ! ತಮ್ಮನಿಗೆ ಒಂದು ಮಾತು ಹೇಳಿಕಳಿಸುವುದಕ್ಕಿಂತ ಅದು ಅವನಿಗೆ ಹಗುರವಾಗಿ ಕಂಡಿತು. ಅವ್ವನ ದನಿ ಏರಿತು.

"ನಡುವ ಲೈಟ್ ಬಂತಂದ್ರ ಏನ್ ಮಾಡ್ತೀರಿ? ನನ್ನ ಕುಂಕುಮ ಅಳಿಸ್ತೀರೇನ್ರಿ ಒಂದು ಹಟಕ್ಕ?"

"ಬರಂಗಿಲ್ಲ. ನೀ ರೊಟ್ಟಿ ನೋಡು, ಹೊತ್ತಲಿಕತ್ತದ."

"ಸಂಗೀ, ಹೋಗು, ಕಾಕಾಗ ಹೇಳು..."

"ಸಂಗೀ, ಇವತ್ತು ನೀ ಎಲ್ಲೂ ಹೋಗಬಾರದು. ಇಲ್ಲೇ ನಿಂತು ನನಗ ಬ್ಯಾಟರಿ ಹಿಡೀಬೇಕು. ಕಾಲು ಆಚಿಗೆ ಇಟ್ಟಿ ಅಂದ್ರ ನೋಡು."

ಅಪ್ಪ ನನಗೆ ಹಾಗೆ ಗದರಿದ್ದು ಅದೇ ಮೊದಲು.

ಊಟದ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಬಚ್ಚಲು ಹಗಲಲ್ಲೂ ಕತ್ತಲು, ಇದ್ದದ್ದು ಮೇಲೊಂದು ಗವಾಕ್ಷಿ ಮಾತ್ರ. ಅಪ್ಪ ಮರದ ಸ್ಟೂಲು ಹತ್ತಿದ. ನಾನು ಹೊಸ್ತಿಲಲ್ಲಿ ನಿಂತು ಬ್ಯಾಟರಿ ಹಿಡಿದೆ. ಅವ್ವ ನನ್ನ ಬೆನ್ನ ಹಿಂದೆ ನಿಂತಿದ್ದಳು, ಆದರೆ ಅವಳ ಲಕ್ಷ್ಯವೆಲ್ಲ ಓಣಿಯ ಕಡೆಗಿತ್ತು. ನಮ್ಮ ಸಾಲಿನಲ್ಲೇ ಒಂದು ಹಿಟ್ಟಿನ ಗಿರಣಿ ಇತ್ತು. ಕರೆಂಟು ಹೋದಾಗ ಗಿರಣಿಯವರು ಸ್ವಿಚ್ಚು ಆರಿಸುತ್ತಿರಲಿಲ್ಲ, ಬಂದ ಕೂಡಲೇ ಅದು ತಾನೇ ಗುಡುಗುತ್ತಿತ್ತು. ಓಣಿಗೆಲ್ಲ ಕರೆಂಟು ಬಂದ ಸುದ್ದಿ ಮುಟ್ಟುತ್ತಿದ್ದದ್ದು ಆ ಸದ್ದಿನಿಂದಲೇ. ಅಪ್ಪ ನೀರಿನ ವಾಲ್ವು ಮುಚ್ಚಿ, ಡ್ರಮ್ಮಿನ ನೀರೆಲ್ಲ ಬಕೀಟಿಗೆ ಇಳಿಸಿ, ಕೆಳಗಿನ ಮುಚ್ಚಳ ಬಿಚ್ಚಿದ. ಒಳಗಿನ ತಂತಿಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ಕಾಯಿಲನ್ನು ಹಿಡಿದಿದ್ದ ನಟ್ಟುಗಳು. ಎರಡು ಬಿಚ್ಚಿದವು, ಉಳಿದವು ಜಂಗು ಹಿಡಿದು ಕಚ್ಚಿಕೊಂಡಿದ್ದವು. ಪಾನಾ ಜಾರಿ ಅಪ್ಪನ ಗೆಣ್ಣು ಸುಲಿಯಿತು. ಸೀಮೆಎಣ್ಣೆ ಹಾಕಿ ಕಾಯ್ದ, ಮತ್ತೆ ತಿರುವಿದ, ಸುತ್ತಿಗೆಯಿಂದ ಬಡಿದ. ಒಂದೊಂದು ಏಟಿಗೂ ಬಿಳಿ ಸುಣ್ಣ ಉದುರಿ ಅವನ ತಲೆಯ ಮೇಲೆ ಬೀಳುತ್ತಿತ್ತು.

"ಸಾಕ್ರಿ. ನಾಳಿಗಿ ನೋಡಿದ್ರಾಯ್ತು," ಅವ್ವ ಅಂದಳು.

"ಬ್ಯಾಟರಿ ಮ್ಯಾಲ ಹಿಡಿ," ಅಪ್ಪ ನನಗೆ ಅಂದ.

ನಟ್ಟುಗಳೇನೋ ಕೊನೆಗೆ ಬಂದವು, ಕಾಯಿಲ್ ಬರಲಿಲ್ಲ. ಸುಣ್ಣ ಕಟ್ಟಿ ಕಟ್ಟಿ ಅದು ಒಳಗಿನಿಂದ ತೂತಿಗಿಂತ ದಪ್ಪವಾಗಿತ್ತು. ಅಪ್ಪ ಉಳಿಯಿಂದ ಕೆರೆದು ಕೆರೆದು, ಬೈದು, ಜಗ್ಗಿ ಅದನ್ನು ಹೊರಗೆಳೆದಾಗ ಗವಾಕ್ಷಿಯ ಬಿಸಿಲು ಆಚೆ ಗೋಡೆಗೆ ಏರಿತ್ತು. ಅಷ್ಟು ಹೊತ್ತಾಗಿದೆ ಎಂದು ನಮಗೆ ಮೂವರಿಗೂ ಒಟ್ಟಿಗೇ ತಿಳಿಯಿತು. ಕರೆಂಟು ಬರುವ ಹೊತ್ತು. ಅಪ್ಪನೇ ಒಂದು ಗಳಿಗೆ ಸ್ಟೂಲಿನ ಮೇಲೆ ನಿಂತು ನನ್ನನ್ನೂ ಅವ್ವನನ್ನೂ ನೋಡಿದ. ಆ ಹೊತ್ತಿಗೆ ಅವನು ಇಳಿದಿದ್ದರೆ ಯಾರೂ ನಗುತ್ತಿರಲಿಲ್ಲ. ಅವನು ಇಳಿಯಲಿಲ್ಲ. ಕಾಕಾನ ಡಬ್ಬಿಯನ್ನು ಮುಟ್ಟದೆ ತನ್ನ ಕಾಯಿಲನ್ನು ತೆಗೆದ, ರಬ್ಬರಿನ ವಾಷರ್ ಕೂರಿಸಿದ, ಒಳಗೆ ಸೇರಿಸಿ ನಟ್ಟು ಬಿಗಿದ. ಉಳಿದದ್ದು ತಂತಿ. ಒಂದು ತಂತಿಯ ತುದಿಯನ್ನು ಹಲ್ಲಿನಿಂದ ಸುಲಿದು ಹುರಿ ಮಾಡಿ ಸುತ್ತಿದ, ಎರಡನೆಯದನ್ನು ಎರಡೂ ಕೈಯ ಬೆರಳುಗಳಿಂದ ಹಿಡಿದು ತಿರುವತೊಡಗಿದ. ನೆಲವೆಲ್ಲ ನೀರು, ಅಪ್ಪನ ಕೈಯೂ ಒದ್ದೆ.

ಗಿರಣಿ ಗುಡುಗಿತು.

ಅವ್ವ ಕಿರುಚಿದಳು. ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು, ಬ್ಯಾಟರಿ ನೆಲಕ್ಕೆ ಬಿದ್ದು ಆರಿತು. ಓಣಿಯಲ್ಲಿ ಹುಡುಗರು "ಆಗಯೀ! ಲೈಟ್ ಆಗಯೀ!" ಎಂದು ಕೂಗುತ್ತಿದ್ದರು, ಬಾಜೂ ಮನೆಯ ರೇಡಿಯೋ ಹಾಡತೊಡಗಿತು. ಕತ್ತಲಲ್ಲಿ ಅಪ್ಪ ಕಾಣುತ್ತಿರಲಿಲ್ಲ.

"ಏನಾಗಿಲ್ಲ," ಅಂದ ಅಪ್ಪ. ಅವನ ದನಿ ಅವನದಾಗಿರಲಿಲ್ಲ. "ಲೈಟ್ ಬಂದಿಲ್ಲ."

"ಗಿರಣಿ ನಡದದಲ್ರೀ!"

ಬಚ್ಚಲಿನ ಬಲ್ಬಿನ ಸ್ವಿಚ್ಚನ್ನು ಹಾಕಿಯೇ ಇಟ್ಟಿದ್ದೆವು. ಅದು ಹೊತ್ತಲಿಲ್ಲ. ಅಡಿಗೆಮನೆಯದೂ ಇಲ್ಲ. ಓಣಿಗೆಲ್ಲ ಬಂದ ಕರೆಂಟು ನಮ್ಮ ಮನೆಗೆ ಮಾತ್ರ ಬಂದಿರಲಿಲ್ಲ. ಅಪ್ಪ ನಿಧಾನವಾಗಿ ಬೆರಳು ಬಿಡಿಸಿಕೊಂಡು ಸ್ಟೂಲಿನಿಂದ ಇಳಿದ, ಇಳಿದವನು ಅದರ ಮೇಲೇ ಕೂತ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ಹೋಗಿ ನೋಡಿ ಬಾ," ಅಪ್ಪ ನನಗೆ ಅಂದ. ಎಲ್ಲಿಗೆ ಎಂದು ಹೇಳಲಿಲ್ಲ.

ಕಾಕಾನ ಪಡಸಾಲೆಯಲ್ಲಿ, ಮೀಟರಿನ ಕೆಳಗೆ, ಕಬ್ಬಿಣದ ಟ್ರಂಕಿನ ಮೇಲೆ ಕಾಕಾ ಕೂತಿದ್ದ. ಮೈಮೇಲೆ ಖಾಕಿ ಅಂಗಿ, ಪಕ್ಕದಲ್ಲಿ ಟಿಕೇಟಿನ ಚೀಲ. ಹಲಗೆಯ ಮೇಲೆ ಫ್ಯೂಜು ಇರಬೇಕಾದ ಜಾಗ ಖಾಲಿ. ಎರಡೂ ಬಿಳಿ ಫ್ಯೂಜುಗಳು ಅವನ ಮುಷ್ಟಿಯಲ್ಲಿದ್ದವು.

"ಊಟ ಮಾಡಿಲ್ಲ, ಡ್ಯೂಟಿಗೂ ಹೋಗಿಲ್ಲವ್ವ," ಬಾಗಿಲಲ್ಲಿ ನಿಂತ ಚಿಗವ್ವ ಅಂದಳು. ಅವಳು ನಗುತ್ತಿರಲಿಲ್ಲ. "ಲೈಟ್ ಹೋದ ಮ್ಯಾಲ ನಿಮ್ಮ ಕಡಿ ಸುತ್ತಿಗಿ ಸಪ್ಪಳ ಕೇಳ್ಸ್ತು ನೋಡು, ಅವಾಗಿಂದ ಹಿಂಗೇ ಕುಂತಾರ."

"ನಿಮ್ಮಪ್ಪನ ಬುದ್ಧಿ ನಂಗ ಗೊತ್ತಿಲ್ಲೇನು," ಅಂದ ಕಾಕಾ. "ಮುಗೀತೇನು ಅವನ ಸರ್ಕಸ್?"

"ಇನ್ನಾ ಇಲ್ಲ ಕಾಕಾ."

"ಮುಗೀಲಿ."

ಓಡಿಬಂದು ಕಂಡದ್ದನ್ನು ಹೇಳಿದೆ. ಅಪ್ಪ ಎದ್ದು ಉಳಿದ ತಂತಿ ಸುತ್ತಿದ, ಮುಚ್ಚಳ ಹಾಕಿದ, ವಾಲ್ವು ತೆರೆದು ಡ್ರಮ್ಮು ತುಂಬಿಸಿದ. ಖಾಲಿ ಡ್ರಮ್ಮಿಗೆ ಕರೆಂಟು ಕೊಟ್ಟರೆ ಹೊಸ ಕಾಯಿಲೂ ಸುಟ್ಟೀತೆಂದು, ಬಿಸಿನೀರಿನ ನಳ ಉಗುಳುವುದನ್ನು ಬಿಟ್ಟು ಧಾರೆಯಾಗಿ ಸುರಿಯುವ ತನಕ ಕಾದ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಅಂದ:

"ಹೇಳು ನಿಮ್ಮ ಕಾಕಾಗ. ಆಯ್ತು, ಹಾಕು ಅಂತ."

ಹೋದೆ, ಹೇಳಿದೆ. ಕಾಕಾ ಟ್ರಂಕಿನಿಂದ ಏಳಲಿಲ್ಲ.

"ನಿನ್ನ ಮಾತಿನ ಮ್ಯಾಲ ನಾ ಫ್ಯೂಜ್ ಹಾಕಂಗಿಲ್ಲವ್ವ. ಅವ ಕೈ ತಗದಾನೋ ಇಲ್ಲೋ, ಮತ್ತ ಒಳಗ ಹಾಕ್ಯಾನೋ, ನಿಂಗೇನ್ ಗೊತ್ತು? ಜೀವದ ವಿಷಯ. ಅವನೇ ಹೇಳಲಿ."

"ನಾನು ಹೇಳಿದ್ದೇ ಆಯ್ತಲ್ಲಾ?" ಅಂದ ಅಪ್ಪ, ನಾನು ಮರಳಿ ಬಂದಾಗ. "ಹಾಕು ಅಂತ ಹೇಳು."

ಮತ್ತೆ ಹೋದೆ, ಮತ್ತೆ ಬಂದೆ. ಕಾಕಾ ಜಗ್ಗಲಿಲ್ಲ, ಅಪ್ಪ ಬಗ್ಗಲಿಲ್ಲ. ಹೊತ್ತು ಮುಳುಗಿ ಓಣಿಯ ಮನೆಗಳಲ್ಲೆಲ್ಲ ಬಲ್ಬು ಹೊತ್ತಿದವು, ನಮ್ಮೆರಡು ಮನೆ ಕತ್ತಲು. ಅವ್ವ ಚಿಮಣಿ ದೀಪ ಹಚ್ಚಿ ಗೋಡೆಯ ಮೇಲೆ ಇಟ್ಟಳು. ಆಯಿ ಎರಡು ಮನೆಯ ನಡುವಿನ ಸಂದಿಯಲ್ಲಿ ಕಂಬಳಿ ಹೊದ್ದು ಕೂತು ಕೆಮ್ಮುತ್ತಿದ್ದಳು. ಅಪ್ಪ ಇನ್ನೊಮ್ಮೆ "ಹೇಳು ನಿಮ್ಮ ಕಾಕಾಗ" ಎಂದು ಶುರುಮಾಡಿದ. ಎಲ್ಲಿತ್ತೋ ಅಷ್ಟು ಸಿಟ್ಟು ನನಗೆ! ಆ ಕತ್ತಲು ಬಚ್ಚಲಿನ ಹೆದರಿಕೆಯೆಲ್ಲ ಸಿಟ್ಟಾಗಿ ಬಂತು.

"ನಾ ಹೋಗಂಗಿಲ್ಲ. ನಿಂಗೇನ್ ಬಾಯಿಲ್ಲೇನು?" ಎಂದು ಕೂಗಿ ಆಯಿಯ ಕಂಬಳಿಯೊಳಗೆ ಸೇರಿಕೊಂಡೆ. ಅಪ್ಪ ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಆಯಿ ನನ್ನ ತಲೆಯನ್ನು ತನ್ನ ಕಡೆ ಒತ್ತಿಕೊಂಡಳು.

ಹೊಡೆತ ಬರಲಿಲ್ಲ. ಅವ್ವನ ದನಿ ಕೇಳಿಸಿತು.

"ಆ ಮನಷ್ಯಾ ಇಲ್ಲಂದ್ರ ನಾ ಈಗ ಎದಿ ಬಡ್ಕೊಂಡು ಅಳ್ತಿದ್ದೆ. ನಿಮಗ ಒಂದು ಮಾತು ಭಾರಾಯ್ತೇನ್ರಿ?"

ಅಪ್ಪ ಗೋಡೆಯ ತನಕ ಬಂದ. ಚಿಮಣಿಯ ಬೆಳಕಿನಲ್ಲಿ ಅವನ ತಲೆ ಸುಣ್ಣ ಮೆತ್ತಿ ಬೆಳ್ಳಗಿತ್ತು, ಒಮ್ಮೆಲೇ ಮುದುಕನಾದ ಹಾಗೆ.

"ಶಿವೂ."

ಆಚೆ ಟ್ರಂಕು ಕಿರುಗುಟ್ಟಿತು.

"ಕೈ ತಗದೀನಿ. ಹಾಕಪ್ಪಾ."

ಕಾಕಾ ಗೋಡೆಯ ಹತ್ತಿರ ಬಂದ. ಫ್ಯೂಜು ಹಾಕಲಿಲ್ಲ.

"ನಿನ್ನ ಸಲುವಾಗಿ ನಾ ಮಧ್ಯಾಹ್ನದಿಂದ ಇಲ್ಲಿ ಕುಂತೀನಿ. ನನ್ನ ಸಲುವಾಗಿ ನೀ ಅವತ್ತ ಒಂದು ತಾಸು ಕುಂದ್ರಲಿಲ್ಲ!"

"ಹಿರ್ಯಾರು ಅವಸರ ಮಾಡಿದ್ರೋ. ಹೊತ್ತು ಮುಣಗ್ಲಿಕತ್ತಿತ್ತು."

"ಹಿರ್ಯಾರು! ಹಿರೇ ಮಗ ಯಾರು, ಅವರೋ ನೀನೋ? ನನ್ನ ತಮ್ಮ ಬರ್ಲಿಕತ್ತಾನ, ನಿಂದರ್ರಿ ಅಂತ ಅನ್ಲಿಕ್ಕೆ ನಿಂಗ ಏನಾಗಿತ್ತು?"

"ನೀ ಬರ್ತೀ ಅಂತ ನಂಗೇನ್ ಕನಸು ಬಿದ್ದಿತ್ತೇನು? ಕುಶನೂರದಾಗಿದ್ದಿ ನೀ!"

"ಕುಶನೂರ ಏನ್ ಲಂಕಾದಾಗ ಅದನೋ!"

ಆಮೇಲೆ ಏನು ಕೂಗಾಟ! ಇಷ್ಟು ದಿನ ನನ್ನ ಬಾಯಿಂದ ದಾಟಿಸದೆ ಉಳಿಸಿಕೊಂಡದ್ದೆಲ್ಲ ಒಟ್ಟಿಗೇ ಹೊರಬಂತು. ಸೈಕಲ್ಲು, ಅಂಗಿ, ಸುಟ್ಟ ಸ್ವಿಚ್ಚು, ಎರಡು ಕಾಯಿಲ್, ಎಲ್ಲ. ಬಾಜೂ ಮನೆಯವರು ರೇಡಿಯೋ ಸಣ್ಣ ಮಾಡಿದರು. ಚಿಗವ್ವ ನಡುವೆ ಬರಲು ಹೋದಳು, ಅವ್ವ ಅಪ್ಪನ ತೋಳು ಹಿಡಿಯಲು ಹೋದಳು. ಆಯಿ ಇಬ್ಬರಿಗೂ ಕೈ ಅಡ್ಡ ಹಿಡಿದಳು.

"ಬಿಡ್ರೇ. ಬೈದಾಡ್ಲಿ. ಮಾತಾಡ್ಲಿಕತ್ತಾರ."

ಇಬ್ಬರ ದನಿಯೂ ಒಡೆದು, ಉಸಿರು ಸಾಲದಾದಾಗ ಅಪ್ಪ ಗೋಡೆಯ ಮೇಲೆ ಎರಡೂ ಕೈ ಊರಿದ. ಸುಲಿದ ಗೆಣ್ಣಿನಿಂದ ರಕ್ತ ಒಸರಿ ಒಣಗಿತ್ತು.

"ತಪ್ಪಾತು ಶಿವೂ. ಕಾಯಬೇಕಾಗಿತ್ತು. ಯಾರೇನಂದ್ರೂ ಕಾಯಬೇಕಾಗಿತ್ತು."

ಆಗ ಕಾಕಾ ಕೇಳಿದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಅಪ್ಪನ ಮುಖ ಹ್ಯಾಂಗಿತ್ತಣ್ಣಾ?"

"ನಿದ್ದಿ ಹತ್ತಿದಂಗ ಇತ್ತು. ಬಾಯಿ ಜರಾ ತೆರೆದಿತ್ತು, ನಾ ಕೈಲೆ ಮುಚ್ಚಿದೆ. ತಲೀಗೆ ರುಮಾಲ ಸುತ್ತಿದೆ."

"ಯಾವುದು?"

"ನೀ ಔರಾದ ಸಂತ್ಯಾಗ ತಂದುಕೊಟ್ಟಿದ್ದಿಯಲ್ಲಾ, ಕೆಂಪು ಅಂಚಿಂದು. ಅದನ್ನೇ ಸುತ್ತಿದೆ."

ಕಾಕಾ ಗೋಡೆಯ ಮೇಲೆ ತಲೆಯಿಟ್ಟು ಅತ್ತ. ಅಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು, ಮುಂಜಾನೆಯಿಂದ ಮಣ್ಣು ಮುಚ್ಚುವ ತನಕ ನಡೆದದ್ದನ್ನು ಒಂದೊಂದಾಗಿ ಹೇಳತೊಡಗಿದ: ಮುತ್ಯಾ ಕೊನೆಗೆ ಯಾವ ನೀರು ಕುಡಿದ, ಯಾರ ಹೆಸರು ಕೇಳಿದ, ಯಾರು ಹೆಗಲು ಕೊಟ್ಟರು. ಕಾಕಾ ನಡುನಡುವೆ ಕೇಳುತ್ತಿದ್ದ, ಅಪ್ಪ ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಿದ್ದ. ಫ್ಯೂಜುಗಳು ಕಾಕಾನ ಕೈಯಲ್ಲೇ ಇದ್ದವು. ಹಾಕು ಎಂದು ಯಾರೂ ಅನ್ನಲಿಲ್ಲ.